ಅಮ್ಮ ಬಿದ್ದ ಮೇಲೆ ಮನೆಗೆ ಜನ ಹುಡುಕಿದ್ದು

ನಮ್ಮಪ್ಪಂಗೆ ಪಾರ್ಕಿನ್ಸನ್ಸ್, ಅಂದ್ರೆ ಕೈಕಾಲು ನಡುಗಿ ಬಿಗಿಯಾಗೋ ಕಾಯಿಲೆ, ಶುರುವಾಗಿ ಸುಮಾರು ವರ್ಷಾನೇ ಆಗಿತ್ತು, ಆದ್ರೂ ಅವರನ್ನ ನೋಡ್ಕೊಳ್ಳೋಕೆ ಅಂತ ಒಬ್ರು ಬೇಕು ಅನ್ನೋ ಮಾತೇ ನಮ್ಮನೇಲಿ ಎದ್ದಿರ್ಲಿಲ್ಲ, ಯಾಕಂದ್ರೆ ಅಮ್ಮ ಇದ್ರು. ಬೆಳಗ್ಗೆ ಎಬ್ಬಿಸೋದು, ಮಾತ್ರೆ, ಶರ್ಟ್ ಗುಂಡಿ, ಶೇವಿಂಗ್, ಅನ್ನ ಮೆತ್ತಗೆ ಕಲಸಿ ಬಟ್ಟಲಲ್ಲಿ ಹಾಕಿ ಚಮಚ ಕೊಡೋದು, ರಾತ್ರಿ ಎದ್ದೆದ್ದು ಬಾತ್‌ರೂಮಿಗೆ ಕೈ ಹಿಡ್ಕೊಂಡು ಹೋಗೋದು, ಎಲ್ಲಾ ಅಮ್ಮಂದೇ. ನಾನು ಬೆಂಗಳೂರು, ತಮ್ಮ ನ್ಯೂಜೆರ್ಸಿ, ಅವರಿಬ್ರೇ ಮೈಸೂರಲ್ಲಿ ಕುವೆಂಪುನಗರದ ಮನೇಲಿ. ಆಮೇಲೊಂದಿನ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಾಕೋಕೆ ಹೋಗಿ ಜಾರಿ ಬಿದ್ದು ಸೊಂಟದ ಹತ್ರ ತೊಡೆ ಮೂಳೆ ಮುರ್ಕೊಂಡ್ರು. ಒಂದೇ ಏಟಿಗೆ ಮನೇಲಿ ಇಬ್ರು ಪೇಷಂಟು, ನೋಡೋರು ಯಾರೂ ಇಲ್ಲ.

ಆಪರೇಷನ್ನೇನೋ ಚೆನ್ನಾಗೇ ಆಯ್ತು. ಮುರಿದ ಮೂಳೆ ತಲೆ ತೆಗೆದು ಲೋಹದ್ದು ಕೂರಿಸಿದ್ರು, ಮಾರನೇ ದಿನಾನೇ ವಾಕರ್ ಕೊಟ್ಟು ಎದ್ದು ನಿಲ್ಲಿಸಿದ್ರು, ಈಗಿನ ಕಾಲದಲ್ಲಿ ಮಲಗಿಸಿ ಇಡೋದೇ ಇಲ್ವಂತೆ, ಮಲಗಿದಷ್ಟೂ ಎದೆ ಕಟ್ಟೋದು ಬೆನ್ನು ಹುಣ್ಣಾಗೋದು ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಜಾಸ್ತಿ ಅಂತ. ಡಿಸ್ಚಾರ್ಜ್ ದಿನ ಮಾತ್ರ ನೋಡ್ಬೇಕಿತ್ತು. ಇನ್ಶೂರೆನ್ಸ್ ಅಪ್ರೂವಲ್ಲಿಗೆ ಅಂತ ಅರ್ಧ ದಿನ ಕೂರಿಸಿ, ಸಮ್ಮರಿ ಕೈಗೆ ಕೊಟ್ಟು, ಫಿಸಿಯೋ ಬಂದು ಗಡಗಡ ಅಂತ ಹೇಳಿ ಹೋದ್ರು, ಮೂರು ತಿಂಗಳು ನೆಲದ ಮೇಲೆ ಕೂರಬಾರ್ದು, ತಗ್ಗಿರೋ ಕುರ್ಚಿ ಸೋಫಾ ಬೇಡ, ಕಾಲ ಮೇಲೆ ಕಾಲು ಹಾಕಬಾರ್ದು, ಮಗ್ಗಲು ತಿರುಗುವಾಗ ಎರಡು ಮಂಡಿ ಮಧ್ಯೆ ದಿಂಬು ಇರಲೇಬೇಕು, ಇಂಡಿಯನ್ ಟಾಯ್ಲೆಟ್ ಕಡೆ ತಲೆ ಹಾಕಿ ಮಲಗಬೇಡಿ. ಇದನ್ನೆಲ್ಲ ಮಾಡಿಸೋರು ಯಾರು ಅಂತ ಕೇಳಿದ್ರೆ "ಮನೇಲಿ ಯಾರೂ ಇಲ್ವಾ ಮೇಡಂ?" ಅಂದ್ರು ಅಷ್ಟೇ. ಲಕ್ಷಗಟ್ಟಲೆ ಬಿಲ್ ಮಾಡೋ ಆಸ್ಪತ್ರೆಗಳಲ್ಲಿ ಇದನ್ನ ಕೂತು ಮಾತಾಡೋಕೆ ಅಂತ ಒಂದು ಟೇಬಲ್ಲು ಒಂದು ಮನುಷ್ಯ ಯಾಕಿಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಕೊನೆಗೆ ದಾರಿ ತೋರ್ಸಿದ್ದು ವಾರ್ಡಲ್ಲಿ ನೆಲ ಒರೆಸ್ತಿದ್ದ ಆಯಾ. ಎಲ್ಲಾ ಆಸ್ಪತ್ರೆ ಸುತ್ತ ಇದೊಂದು ಲೋಕಾನೇ ಇದೆ ಅಂತ ಆಮೇಲೆ ಗೊತ್ತಾಯ್ತು. ಆಯಾ ಹತ್ರ ನಂಬರ್ ಇರುತ್ತೆ, ಎದುರುಗಡೆ ಮೆಡಿಕಲ್ ಸ್ಟೋರಿನವನ ಹತ್ರ ವಿಸಿಟಿಂಗ್ ಕಾರ್ಡಿನ ಕಂತೇನೇ ಇರುತ್ತೆ, ಬಾಡಿಗೆಗೆ ಮಂಚ ವೀಲ್‌ಚೇರ್ ಕೊಡೋರ ಹತ್ರ ಇನ್ನೊಂದಷ್ಟು. ಕೇಂದ್ರ ಸರ್ಕಾರದ ಹಿರಿಯರ ಸಹಾಯವಾಣಿ 14567 ಇದ್ಯಲ್ಲ, ಬೆಳಗ್ಗೆ 8ರಿಂದ ರಾತ್ರಿ 8ರ ತನಕ, ಅದಕ್ಕೂ ಫೋನ್ ಮಾಡಿದ್ದೆ, ಕನ್ನಡದಲ್ಲೇ ಮಾತಾಡ್ತಾರೆ, ಸಮಾಧಾನವಾಗಿ ಕೇಳಿಸ್ಕೊಂಡು ಮಾಹಿತಿ ಕೊಟ್ರು, ಆದ್ರೆ ನಾಳೆ ಬೆಳಗ್ಗೆ ಒಬ್ರನ್ನ ಕಳಿಸೋದು ಅವರ ಕೆಲಸ ಅಲ್ಲ, ಅದು ಇರೋದು ಮಾಹಿತಿಗೆ, ಪಿಂಚಣಿ ತೊಂದರೆಗೆ, ಮಕ್ಕಳು ಹೊರಗೆ ಹಾಕಿದ್ರೆ ಬೈದ್ರೆ ಹೊಡೆದ್ರೆ ಅಂಥದ್ದಕ್ಕೆ. ಬೆಂಗಳೂರಲ್ಲಾದ್ರೆ ಪೊಲೀಸ್ ಜೊತೆ ಸೇರಿ ನಡೆಸೋ ಹಿರಿಯರ ಸಹಾಯವಾಣಿ 1090 ಇದೆ. ಎರಡೂ ನಂಬರ್ ಫ್ರಿಜ್ ಮೇಲೆ ಅಂಟಿಸಿದೀನಿ, ಬೇಕಾಗೋ ದಿನ ಬರೋದು ಬೇಡ.

ಏಜೆನ್ಸಿಗಳಿಗೆ ಫೋನ್ ಮಾಡಿದಾಗ ಮೊದಲು ಕೇಳೋದು "ಅಟೆಂಡರ್ ಬೇಕಾ ನರ್ಸ್ ಬೇಕಾ" ಅಂತ. ಇದು ತಿಳ್ಕೊಂಡಿದ್ರೆ ದುಡ್ಡು ಉಳಿಯುತ್ತೆ. ಕೇರ್‌ಟೇಕರ್ ಅಥವಾ ಅಟೆಂಡರ್ ಅಂದ್ರೆ ಸ್ನಾನ, ಡೈಪರ್, ಬೆಡ್‌ಪ್ಯಾನ್, ಊಟ ಮಾಡಿಸೋದು, ಓಡಾಡಿಸೋದು, ಮಾತ್ರೆ ಟೈಮಿಗೆ ಕೈಗೆ ಕೊಡೋದು. ಇಂಜೆಕ್ಷನ್ನು, ಡ್ರೆಸ್ಸಿಂಗು, ಮೂಗಿನ ಟ್ಯೂಬು, ಮೂತ್ರದ ಕ್ಯಾಥೆಟರ್ ಟ್ಯೂಬು ಹಾಕೋದು ತೆಗೆಯೋದು ಎಲ್ಲಾ ಎಎನ್ಎಂ ಜಿಎನ್ಎಂ ಅನ್ನೋ ನರ್ಸಿಂಗ್ ಕೋರ್ಸ್ ಓದಿರೋ ನರ್ಸಿನ ಕೆಲಸ, ಅವರ ಸಂಬಳ ಹೆಚ್ಚುಕಮ್ಮಿ ಡಬಲ್. ಏಜೆನ್ಸಿಯೋರು ನಮ್ಮ ಗಾಬರಿ ನೋಡಿ ನರ್ಸೇ ಬೇಕಾಗುತ್ತೆ ಮೇಡಂ ಅಂತ ತಳ್ಳೋಕೆ ನೋಡ್ತಾರೆ. ನಮಗೆ ಬೇಕಿದ್ದಿದ್ದು ರಕ್ತ ಹೆಪ್ಪುಗಟ್ಟದೇ ಇರೋಕೆ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್ ಸ್ವಲ್ಪ ದಿನ, ಒಂದೆರಡು ಡ್ರೆಸ್ಸಿಂಗ್, ಹೊಲಿಗೆ ಬಿಚ್ಚೋದು, ಇಷ್ಟೇ ತಾನೇ, ಅದಕ್ಕೆ ಪಕ್ಕದ ರಸ್ತೇಲಿದ್ದ ಒಬ್ಬ ಸಿಸ್ಟರು ಡ್ಯೂಟಿ ಮುಗಿಸ್ಕೊಂಡು ಹೋಗೋವಾಗ ಬಂದು ಮಾಡಿಕೊಟ್ಟು ಒಂದು ಸಲಕ್ಕೆ 300 ತಗೋತಿದ್ರು.

ಇನ್ನು ಕರಾರು. ರಿಜಿಸ್ಟ್ರೇಷನ್ ಅಂತ ಒಂದಷ್ಟು, ಅದು ವಾಪಸ್ ಬರಲ್ಲ. ಒಂದು ತಿಂಗಳ ಸಂಬಳ ಅಡ್ವಾನ್ಸು. 24 ಗಂಟೆ ಅಂದ್ರೆ ಮನೇಲೇ ಇರ್ತಾರೆ ಅಂತ ಅರ್ಥ, 24 ಗಂಟೆ ಎದ್ದಿರ್ತಾರೆ ಅಂತಲ್ಲ, ರಾತ್ರಿ ನಿದ್ದೆ ಬೇಕು ಹಗಲು ಊಟ ಆದ್ಮೇಲೆ ಎರಡು ಗಂಟೆ ರೆಸ್ಟು ಬೇಕು, ಇದನ್ನ ಮೊದಲೇ ಬಾಯಿಬಿಟ್ಟು ಮಾತಾಡದೇ ಇದ್ರೆ ಮೂರನೇ ದಿನಕ್ಕೇ ಜಗಳ. ತಿಂಗಳಿಗೆ ಎರಡು ದಿನ ರಜ, ಆ ಎರಡು ದಿನಕ್ಕೆ ಬದಲಿ ಜನ ಕೊಡ್ತೀವಿ ಅಂತ ಹೇಳ್ತಾರೆ, ಕೊಡೋದು ಅಷ್ಟಕ್ಕಷ್ಟೇ. ಇಷ್ಟ ಆಗ್ಲಿಲ್ಲ ಅಂದ್ರೆ ಬದಲಾಯಿಸ್ತಾರೆ, ಆದ್ರೆ ಆ ಬದಲಾವಣೆ ಎಷ್ಟು ದಿನದೊಳಗೆ ಅಂತ ಕಾಗದದಲ್ಲಿ ಬರೆಸ್ಕೊಳ್ಳಿ. ಮತ್ತೊಂದು ಕಲಮು, ನಮ್ಮ ಜನಾನ ನೇರವಾಗಿ ಇಟ್ಕೊಂಡ್ರೆ ಇಷ್ಟು ದಂಡ ಅಂತ. ಒಬ್ರಂತೂ ಆಧಾರ್ ಕಾರ್ಡಿನ ಫೋಟೋ ಕೇಳಿದ್ದಕ್ಕೇ "ನಂಬಿಕೆ ಇಲ್ದಿದ್ರೆ ಬೇಡ ಬಿಡಿ ಮೇಡಂ" ಅಂತ ಫೋನಿಟ್ರು, ಬಿಟ್ಟಿದ್ದೇ ಒಳ್ಳೇದಾಯ್ತು. ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿ ಪೊಲೀಸ್ ವೆರಿಫಿಕೇಷನ್ನಿಗೆ ಆನ್‌ಲೈನಲ್ಲೇ ಅರ್ಜಿ ಹಾಕಬಹುದು, ವಯಸ್ಸಾದೋರು ಇಬ್ರೇ ಇರೋ ಮನೆ, ಯಾರೇನಂದುಕೊಂಡ್ರೂ ಪರವಾಗಿಲ್ಲ ಮಾಡಿಸ್ಬೇಕು.

ಅಮ್ಮ ಆಸ್ಪತ್ರೇಲಿದ್ದಾಗ್ಲೇ ಮನೆ ರೆಡಿ ಮಾಡಿದ್ವಿ. ಎರಡು ಕಡೆ ಏಳಿಸೋ ಹ್ಯಾಂಡಲ್ ಇರೋ ಆಸ್ಪತ್ರೆ ಮಂಚ ಬಾಡಿಗೆಗೆ, ಕಮೋಡ್ ಕುರ್ಚಿ, ಟಾಯ್ಲೆಟ್ ಸೀಟ್ ಎತ್ತರ ಮಾಡೋ ರೈಸರ್, ಬಾತ್‌ರೂಮಲ್ಲಿ ಎರಡು ಸ್ಟೀಲ್ ಹಿಡಿಕೆ. ಟವೆಲ್ ರಾಡು ಹಿಡಿಕೆ ಅಲ್ಲ, ಅದು ಭಾರ ತಡೆಯಲ್ಲ, ಬೇಕಾದಾಗ್ಲೇ ಕೈಗೆ ಕಿತ್ಕೊಂಡು ಬರುತ್ತೆ ಅಂತ ಪ್ಲಂಬರ್ರೇ ಹೇಳಿ ಗೋಡೆಗೆ ಉದ್ದನೇ ಬೋಲ್ಟ್ ಹಾಕಿದ. ಮೂಲೆಮೂಲೆಗೆ ಹಾಕಿದ್ದ ಕಾಲೊರೆಸು ಬಟ್ಟೆಗಳನ್ನೆಲ್ಲ ತೆಗೆದು ಬಿಸಾಕಿದ್ವಿ. ಮನೇಲಿ ಬಿದ್ದು ಮೂಳೆ ಮುರ್ಕೊಂಡಿರೋ ಅಜ್ಜಿಯರ ಕಥೆ ಕೇಳ್ತಾ ಹೋದ್ರೆ ಅರ್ಧಕ್ಕರ್ಧ ಈ ಮ್ಯಾಟಿನ ಕಥೇನೇ.

ಮೊದಲು ಬಂದ ಹೆಂಗಸು ಚೆನ್ನಾಗೇ ಮಾತಾಡ್ತಿದ್ರು, ಅಮ್ಮನ ಎರಡೂ ಕೈ ಹಿಡ್ಕೊಂಡು ದಬಕ್ಕಂತ ಎಳೆದು ಕೂರಿಸೋಕೆ ಹೋದ್ರು ನೋಡಿ, ನನ್ನ ಎದೆ ಧಸಕ್ ಅಂತು. ಅವತ್ತಿಂದ ಬಂದೋರಿಗೆಲ್ಲ ನಾನು ಒಂದೇ ಪರೀಕ್ಷೆ ಕೊಡ್ತಿದ್ದೆ, ಸರ್ಟಿಫಿಕೇಟು ಆಮೇಲೆ, ಮೊದಲು ನಾನು ಮಂಚದ ಮೇಲೆ ಮಲಗ್ತೀನಿ ನನ್ನ ಎಬ್ಬಿಸಿ ಅಂತ. ಗೊತ್ತಿರೋರು ಕೈ ಮುಟ್ಟೋದೇ ಇಲ್ಲ. ಮೊದಲು ಮಗ್ಗಲಿಗೆ ತಿರುಗಿಸ್ತಾರೆ, ಕಾಲು ಮಂಚದಿಂದ ಕೆಳಗಿಳಿಸ್ತಾರೆ, ಒಂದು ಕೈ ಬೆನ್ನ ಹಿಂದೆ ಹೆಗಲ ಹತ್ರ, ಇನ್ನೊಂದು ಸೊಂಟದ ಹತ್ರ, ತಮ್ಮ ಮಂಡಿ ಬಗ್ಗಿಸ್ಕೊಂಡು ಎತ್ತುತಾರೆ, ಎದ್ದು ಕೂರಿಸಿದ್ಮೇಲೆ ತಕ್ಷಣ ನಿಲ್ಲಿಸಲ್ಲ, ಎರಡು ನಿಮಿಷ ಬಿಡ್ತಾರೆ. ಹೀಗೆ ಮಾಡಿ ತೋರ್ಸಿದ್ದು ಎಚ್.ಡಿ. ಕೋಟೆ ಕಡೆಯ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಓದಿರೋದು ಏಳನೇ ಕ್ಲಾಸು, ಕಲಿತಿದ್ದೆಲ್ಲ ತಮ್ಮ ಅತ್ತೇನ ನಾಲ್ಕು ವರ್ಷ ಮಲಗಿದ್ದಲ್ಲೇ ನೋಡ್ಕೊಂಡು. ಅವರೇ ನಿಂತ್ರು. ಅಮ್ಮ ಅವರನ್ನ ಕೋಟೆಯೋಳು ಅಂತಾರೆ, ಎದುರಿಗೆ ಮಾತ್ರ ಅಕ್ಕಯ್ಯ.

ನಿಂತ್ರು ಅಂತ ಸುಲಭವಾಗಿ ಬರೆದುಬಿಟ್ಟೆ. ಜನ ಸಿಗೋದು ಏನೋ ಒಂದು ಮಾಡಿ ಸಿಕ್ಕಿಬಿಡ್ತಾರೆ, ಅವರು ಉಳಿಯೋ ಹಾಗೆ ಮನೆ ಇರ್ಬೇಕಲ್ಲ, ಅದು ನನಗೆ ಏಜೆನ್ಸಿ ಹುಡುಕೋದಕ್ಕಿಂತ ದೊಡ್ಡ ಕೆಲಸ ಆಯ್ತು. ಜಗಳ ಎಲ್ಲಾ ಅಡುಗೆಮನೇಲಿ. ಮಡಿ ಅಂತ ಈಗ ಅಷ್ಟೇನಿಲ್ಲ ಅಂತ ಅಮ್ಮ ಬಾಯಲ್ಲಿ ಹೇಳ್ತಾರೆ, ಆದ್ರೆ ಅಕ್ಕಯ್ಯಂಗೆ ತಟ್ಟೆ ಲೋಟ ಬೇರೆ, ಅದನ್ನ ಇಡೋ ಜಾಗ ಸಿಂಕ್ ಕೆಳಗೆ. ಅವರು ನೋಡಿದ್ರು, ಏನೂ ಮಾತಾಡ್ಲಿಲ್ಲ, ಆದ್ರೆ ರಾತ್ರಿ ಏಜೆನ್ಸಿಗೆ ಫೋನ್ ಮಾಡಿ ಬೇರೆ ಮನೆ ಇದ್ರೆ ಹೇಳಿ ಅಂದ್ರಂತೆ. ಏಜೆನ್ಸಿಯೋರು ನನಗೆ ಹೇಳಿದ್ರು. ನಾನು ಸ್ಟೀಲ್ ಅಂಗಡಿಗೆ ಹೋಗಿ ಒಂದೇ ಥರದ ಹೊಸ ತಟ್ಟೆ ಲೋಟ ಅರ್ಧ ಡಜನ್ ತಂದು ಹಳೇವೆಲ್ಲ ಅಟ್ಟಕ್ಕೆ ಹಾಕಿದೆ, ಯಾವುದು ಯಾರ್ದು ಅಂತ ಗೊತ್ತಾಗ್ದೇ ಇದ್ರೆ ಸರಿ. ಅಮ್ಮ ಎರಡು ದಿನ ನನ್ನ ಹತ್ರ ಮಾತು ಬಿಟ್ರು. ಇರ್ಲಿ. ತಮ್ಮ ಮೈಯನ್ನೇ ತೊಳೆಯೋ ಕೈಗೆ ತಟ್ಟೆ ಬೇರೆ ಅಂದ್ರೆ ಯಾವ ನ್ಯಾಯ, ನನಗೆ ಇದರಲ್ಲಿ ಎರಡನೇ ಅಭಿಪ್ರಾಯ ಇಲ್ಲ.

ಮೊಟ್ಟೆ ವಿಷಯಕ್ಕೆ ರಾಜಿ ಆಯ್ತು. ಮನೆ ಒಳಗೆ ಬೇಡ, ಹಿತ್ತಲಲ್ಲಿ ಇಂಡಕ್ಷನ್ ಸ್ಟವ್ ಇಟ್ಟು ಬೇಯಿಸ್ಕೊಳ್ಳೋದು, ಭಾನುವಾರ ಅವರ ತಂಗಿ ಮನೆಗೆ ಹೋಗಿ ಬಾಡೂಟ ಮಾಡ್ಕೊಂಡು ಸಂಜೆ ಬರೋದು. ಮತ್ತೆ ಊಟ. ನಮ್ಮನೇಲಿ ವಯಸ್ಸಾದೋರ ಊಟ, ಎರಡು ಸೌಟು ಅನ್ನ ನೀರು ಸಾರು ಮೊಸರು. ದಿನಕ್ಕೆ ಹತ್ತು ಸಲ ಭಾರ ಎತ್ತೋ ಮನುಷ್ಯರಿಗೆ ಅದು ಸಾಲುತ್ತಾ? ರಾಗಿ ಮುದ್ದೆ ಮಾಡ್ಕೊಳ್ಳಿ ಬೇಕಾದ್ದು ತಗೊಳ್ಳಿ ಅಂತ ದಿನಸಿ ಲಿಸ್ಟಲ್ಲಿ ರಾಗಿ ಹಿಟ್ಟು ಸೇರಿಸಿದ್ಮೇಲೆ ಅಪ್ಪಾನೂ ಮುದ್ದೆ ಕೇಳೋಕೆ ಶುರು ಮಾಡಿದ್ರು, ಅವರಿಗೆ ಅನ್ನಕ್ಕಿಂತ ಅದೇ ಸಲೀಸಾಗಿ ಇಳೀತಿತ್ತು. ಕೆಲಸ ಯಾವುದು ಯಾವುದಲ್ಲ ಅನ್ನೋದನ್ನೂ ಬರೆದಿಟ್ವಿ, ಮನೆ ಗುಡಿಸೋದು ಎಲ್ಲರ ಬಟ್ಟೆ ಒಗೆಯೋದು ಅವರ ಕೆಲಸ ಅಲ್ಲ, ಹಳೇ ಕೆಲಸದೋಳನ್ನ ಬಿಡಿಸಿ ಎಲ್ಲಾ ಇವರ ತಲೆಗೆ ಕಟ್ಟೋ ಮನೆಗಳಲ್ಲೇ ಜನ ನಿಲ್ಲೋದಿಲ್ಲ ಅಂತ ಅಕ್ಕಯ್ಯಾನೇ ಆಮೇಲೆ ಹೇಳಿದ್ರು.

ಅಪ್ಪಂದು ಇನ್ನೊಂದೇ ಕಥೆ. ಹೆಂಗಸು ಸ್ನಾನ ಮಾಡ್ಸೋದಕ್ಕೆ ಅವರು ಒಪ್ಪೋದು ಸಾಧ್ಯಾನೇ ಇಲ್ಲ, ಗಂಡಸೂ ಬೇಡ ಅಂತ ಹಟ. ಪೋಸ್ಟ್ ಆಫೀಸಲ್ಲಿ ಜೀವಮಾನ ಎಲ್ಲಾ ಕೆಲಸ ಮಾಡಿದ ಮನುಷ್ಯ, ಯಾರ ಮುಂದೇನೂ ಕೈಚಾಚಿದೋರಲ್ಲ. ಗಂಡು ಅಟೆಂಡರುಗಳು ಸಿಗೋದೂ ಕಷ್ಟ, ಸಿಕ್ರೆ ಬಹಳ ಸಲ ಒಡಿಶಾ ಜಾರ್ಖಂಡ್ ಕಡೆ ಹುಡುಗರು, ಕನ್ನಡ ಬರಲ್ಲ, ಅಪ್ಪಂಗೆ ಪಾರ್ಕಿನ್ಸನ್ಸಿಂದ ದನಿಯೇ ಸಣ್ಣಗಾಗಿ ನಮಗೇ ಕಿವಿ ಹತ್ರ ಇಟ್ಟು ಕೇಳಬೇಕು, ಇನ್ನು ಹಿಂದಿ ಹುಡುಗನಿಗೆ ಏನರ್ಥ ಆಗ್ಬೇಕು. ಕೊನೆಗೆ ನಂಜನಗೂಡು ಕಡೆ ಹುಡುಗ ಒಬ್ಬ ಸಿಕ್ಕ, ಬೆಳಗ್ಗೆ 8ರಿಂದ ರಾತ್ರಿ 8, ಬಸ್ಸಲ್ಲಿ ಓಡಾಡ್ತಾನೆ. ಮೊದಲ ವಾರ ಅವನಿಗೆ ಸ್ನಾನದ ಕೆಲಸ ಕೊಡಲೇ ಇಲ್ಲ. ಪೇಪರ್ ಓದಿ ಹೇಳು, ಜೊತೆಗೆ ಕೂತು ಕ್ರಿಕೆಟ್ ನೋಡು, ಗೇಟ್ ತನಕ ಕರ್ಕೊಂಡು ಹೋಗು, ಶೇವಿಂಗ್ ಮಾಡು, ಇಷ್ಟೇ. ಶೇವಿಂಗ್ ಚೆನ್ನಾಗಿ ಮಾಡ್ತಿದ್ದ, ಅಪ್ಪ ಅದಕ್ಕೇ ಸೋತ್ರು ಅನ್ಸುತ್ತೆ, ಒಂದಿನ ತಾವೇ ನೀರು ಕಾಯಿಸು ಅಂದ್ರು.

ಪಾರ್ಕಿನ್ಸನ್ಸ್ ಇರೋರಿಗೆ ಜನ ಇಡ್ತಿದ್ರೆ ಇದೊಂದು ಭಾಗ ಗಮನ ಇಟ್ಟು ಓದಿ, ಏಜೆನ್ಸಿ ಟ್ರೈನಿಂಗಲ್ಲಿ ಇದನ್ನ ಹೇಳ್ಕೊಡಲ್ಲ. ಪಾರ್ಕಿನ್ಸನ್ಸಿಗೆ ಕೊಡೋ ಸಿಂಡೋಪಾ ಮಾತ್ರೆ ಗಡಿಯಾರ ನೋಡ್ಕೊಂಡೇ ಕೊಡ್ಬೇಕು. ಅಪ್ಪಂಗೆ 7, 11, 3, 7. ಬಿಪಿ ಮಾತ್ರೆ ಥರ ತಿಂಡಿ ಆದ್ಮೇಲೆ ಯಾವಾಗಾದ್ರೂ ಅಂದ್ರೆ ಆಗಲ್ಲ, ಅರ್ಧ ಗಂಟೆ ತಡ ಆದ್ರೂ ಕೈಕಾಲು ಬಿಗಿದು ಕೂತಲ್ಲೇ ಕೂತುಬಿಡ್ತಾರೆ. ಊಟಕ್ಕೆ ಅರ್ಧ ಗಂಟೆ ಮೊದಲೇ ಖಾಲಿ ಹೊಟ್ಟೇಲಿ ಕೊಟ್ರೆ ಒಳ್ಳೇದು, ಹಾಲು ಬೇಳೆ ಮೊಸರಿನ ಪ್ರೋಟೀನು ಜೊತೆಗೆ ಸೇರಿದ್ರೆ ಔಷಧಿ ಮೈಗೆ ಹತ್ತೋದು ಕಮ್ಮಿ ಆಗುತ್ತೆ ಅಂತ ನ್ಯೂರೋ ಡಾಕ್ಟ್ರು ಬಿಡಿಸಿ ಹೇಳಿದ್ರು. ಇನ್ನೂ ಒಂದು, ವಾಂತಿ ಅಂತ ಪೆರಿನಾರ್ಮ್ ಅಥವಾ ಸ್ಟೆಮೆಟಿಲ್ ಕೊಡೋದು ನಮ್ಮ ಕಡೆ ಮಾಮೂಲಿ, ಪಾರ್ಕಿನ್ಸನ್ಸ್ ಇರೋರಿಗೆ ಅವು ಕಾಯಿಲೇನ ಇನ್ನೂ ಕೆಡಿಸ್ತವೆ, ಆ ಎರಡು ಹೆಸರನ್ನ ಕೆಂಪು ಸ್ಕೆಚ್ ಪೆನ್ನಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದು ಔಷಧಿ ಡಬ್ಬದ ಮುಚ್ಚಳಕ್ಕೇ ಅಂಟಿಸಿದೀವಿ, ಇವು ಕೊಡಲೇಬಾರದು ಅಂತ. ಮಲಗಿದ್ದವರು ತಟ್ಟಂತ ಎದ್ರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಅದಕ್ಕೇ ಆ ಎರಡು ನಿಮಿಷ ಕೂರಿಸೋದು.

ನಡೀತಾ ನಡೀತಾ ಬಾಗಿಲ ಹತ್ರ ಬಂದ ಕೂಡಲೇ ಅಪ್ಪನ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತೆ. ಎಳೆದ್ರೆ ಮುಗ್ಗರಿಸ್ತಾರೆ. ಫಿಸಿಯೋ ಹೇಳಿದ್ರು ನೆಲದ ಮೇಲೆ ಅಡ್ಡ ಗೆರೆ ಇದ್ರೆ ಅದನ್ನ ದಾಟೋಕೆ ಕಾಲು ತಾನೇ ಏಳುತ್ತೆ ಅಂತ. ನಾನು ನಂಬಲಿಲ್ಲ. ಹುಡುಗ ಒಂದಿನ ಬರ್ತಾ ಎಲೆಕ್ಟ್ರಿಕಲ್ ಅಂಗಡಿಯಿಂದ ಹಳದಿ ಇನ್ಸುಲೇಷನ್ ಟೇಪು ತಂದು, ರೂಮಿನ ಬಾಗಿಲಿಂದ ಬಾತ್‌ರೂಮ್ ತನಕ ಅಪ್ಪನ ಹೆಜ್ಜೆ ಎಷ್ಟು ಅಗಲ ಅಂತ ಗೇಣಲ್ಲಿ ಅಳೆದು ಮೆಟ್ಟಿಲ ಥರ ಅಂಟಿಸಿದ. ಮೊಸಾಯಿಕ್ ನೆಲ, ಒದ್ದೆ ಬಟ್ಟೆ ಬಿದ್ರೆ ಕಿತ್ಕೊಂಡು ಬರುತ್ತೆ, ಅವನು ವಾರಕ್ಕೊಂದು ಸಲ ಹೊಸದಾಗಿ ಅಂಟಿಸ್ತಾನೆ. ಅಪ್ಪ ಬಾಗಿಲ ಹತ್ರ ನಿಲ್ತಾರೆ, ಕೆಳಗೆ ನೋಡ್ತಾರೆ, "ಒಂದು" ಅಂತಾನೆ ಅವನು, ಕಾಲು ಏಳುತ್ತೆ. ದಾಟಿದ ಮೇಲೆ ಮುಂದಿಂದು ತಾನಾಗೇ ಬರುತ್ತೆ. ಮಗಳಾಗಿ ನಾನು ತಂದುಕೊಟ್ಟ ದುಬಾರಿ ಶೂಗಿಂತ ಆ ಟೇಪೇ ಕೆಲಸ ಮಾಡ್ತು.

ಒಂದು ಲಾಂಗ್ ನೋಟ್‌ಬುಕ್ ಇಟ್ವಿ. ಮಾತ್ರೆ ಕೊಟ್ಟ ಟೈಮು, ಬಿಪಿ, ಮೋಷನ್ ಆಯ್ತಾ ಇಲ್ವಾ, ರಾತ್ರಿ ಎಷ್ಟು ಸಲ ಎದ್ರು, ಏನಾದ್ರೂ ವಿಚಿತ್ರವಾಗಿ ಮಾತಾಡಿದ್ರಾ. ಅಕ್ಕಯ್ಯಂಗೆ ಬರೆಯೋದು ನಿಧಾನ, ಅದಕ್ಕೆ ಕಾಲಂ ಹಾಕಿ ಬರೀ ಟಿಕ್ಕು. ರಾತ್ರಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತಾರೆ. ಡಾಕ್ಟ್ರ ಹತ್ರ ಹೋದಾಗ ಆ ಪುಸ್ತಕ ಕೊಟ್ರೆ ಸಾಕು, ನಾವು ನೆನಪು ಮಾಡ್ಕೊಂಡು ಹೇಳೋ ಅಂದಾಜಿಗಿಂತ ನೂರು ಪಾಲು ಉತ್ತಮ. ಅಪ್ಪ ರಾತ್ರಿ ಹೊತ್ತು ಯಾರೋ ಮಕ್ಕಳು ಮಂಚದ ಹತ್ರ ನಿಂತಿದಾರೆ ಅಂತ ಹೇಳ್ತಿರೋದು ಗೊತ್ತಾಗಿದ್ದೇ ಆ ಪುಸ್ತಕದಿಂದ, ಡಾಕ್ಟ್ರು ರಾತ್ರಿ ಕೊಡ್ತಿದ್ದ ಒಂದು ಮಾತ್ರೆ ಕಮ್ಮಿ ಮಾಡಿದ್ರು, ಕಮ್ಮಿ ಆಯ್ತು.

ತಮ್ಮ ಅಮೆರಿಕಾದಿಂದ ಪ್ರತಿ ರೂಮಿಗೂ ಕ್ಯಾಮರಾ ಹಾಕ್ಸೋಣ ಅಂದ. ಅವನ ಸಂಕಟ ನನಗೂ ಅರ್ಥ ಆಗುತ್ತೆ, ಅಲ್ಲಿ ರಾತ್ರಿ ಎದ್ದು ಕೂತು ಫೋನ್ ನೋಡ್ತಾ ಇರ್ತಾನೆ. ಆದ್ರೆ ಮೈ ಒರೆಸೋ ರೂಮಲ್ಲಿ ಕ್ಯಾಮರಾ ಅಂದ್ರೆ ಅಪ್ಪ ಅಮ್ಮನ ಮರ್ಯಾದೆ ಏನು, ಅಕ್ಕಯ್ಯ ಮಲಗೋದೂ ಅದೇ ರೂಮಲ್ಲಿ. ಹಾಲಿಗೆ ಒಂದು, ಗೇಟಿಗೆ ಒಂದು, ಎರಡೂ ಎಲ್ಲಿವೆ ಅಂತ ಇಬ್ಬರಿಗೂ ತೋರ್ಸಿ ಹೇಳಿ ಹಾಕಿಸಿದ್ದು. ಮೊದಮೊದಲು ತಮ್ಮ ಅಲ್ಲಿಂದ್ಲೇ ಕ್ಯಾಮರಾ ನೋಡಿ ಫೋನ್ ಮಾಡಿ "ಅವರು ಯಾಕೆ ಸೋಫಾ ಮೇಲೆ ಕೂತಿದಾರೆ" ಅಂತ ಕೇಳ್ತಿದ್ದ. ಮತ್ತೆಲ್ಲಿ ಕೂರ್ಬೇಕಪ್ಪ ಅಂದೆ. ಆಮೇಲೆ ಒಂದು ರೂಲ್ ಮಾಡಿದ್ವಿ, ಅವರಿಗೆ ಹೇಳೋದು ಕೇಳೋದು ಏನಿದ್ರೂ ನಾನೊಬ್ಬಳೇ. ಅಮ್ಮ ಒಂದು, ನಾನೊಂದು, ತಮ್ಮ ಒಂದು, ಆಗಾಗ ಬರೋ ಚಿಕ್ಕಮ್ಮ ಇನ್ನೊಂದು ಹೇಳಿದ್ರೆ ಅವರು ಯಾರ ಮಾತು ಕೇಳ್ಬೇಕು. ಅವನ ಪಾಲಿಗೆ ಬೇರೆ ಕೆಲಸ ಕೊಟ್ಟೆ, ಮಾತ್ರೆ ಆನ್‌ಲೈನಲ್ಲಿ ತರಿಸೋದು, ಡೈಪರ್ ಸ್ಟಾಕು, ಬಾಡಿಗೆ ಕಟ್ಟೋದು, ಡಾಕ್ಟ್ರ ಜೊತೆ ವಿಡಿಯೋ ಕಾಲು. ಚೆನ್ನಾಗಿ ಮಾಡ್ತಾನೆ, ಒಂದು ದಿನಾನೂ ಮಾತ್ರೆ ಖಾಲಿ ಆಗಿಲ್ಲ.

ದುಡ್ಡಿನ ವಿಷಯ ಕೇಳ್ತಾರೆ ಎಲ್ಲರೂ. ಅಕ್ಕಯ್ಯಂಗೆ 24,000, ಹುಡುಗನಿಗೆ 17,000, ಫಿಸಿಯೋ ಒಂದು ಸಲಕ್ಕೆ 500, ಮಂಚದ ಬಾಡಿಗೆ, ಡೈಪರ್ರು, ಔಷಧಿ ಎಲ್ಲಾ ಸೇರಿ ಅಪ್ಪನ ಪಿಂಚಣಿ ಪೂರ್ತಿ ಹೋಗಿ ಮೇಲೆ ನಾವಿಬ್ರೂ ಹಾಕ್ತೀವಿ. ಬೆಂಗಳೂರಲ್ಲಿ ಇದೇ ಏರ್ಪಾಡಿಗೆ ನನಗೆ ಹೇಳಿದ ರೇಟು ಇದಕ್ಕಿಂತ ಜಾಸ್ತಿನೇ ಇತ್ತು. ಮೆಡಿಕ್ಲೇಮಿಂದ ಇದರಲ್ಲಿ ಬಹುಪಾಲು ಬರಲ್ಲ. ನಮ್ಮ ಪಾಲಿಸೀಲಿ ಡಿಸ್ಚಾರ್ಜ್ ಆದ್ಮೇಲೆ 60 ದಿನದ ತನಕ ಔಷಧಿ, ಟೆಸ್ಟು, ಡಾಕ್ಟ್ರು ಬರೆದುಕೊಟ್ಟ ಫಿಸಿಯೋಥೆರಪಿ ಕೊಟ್ರು, ಅಟೆಂಡರ್ ಸಂಬಳಕ್ಕೆ ಒಂದು ಪೈಸೆ ಇಲ್ಲ. ಅದಕ್ಕೆ ಫಿಸಿಯೋ ಅಂತ ಡಿಸ್ಚಾರ್ಜ್ ಸಮ್ಮರೀಲೇ ಬರೆಸ್ಕೊಳ್ಳಿ, ಮತ್ತೆ ರಸೀದಿ ತಗೊಳ್ಳಿ. ಅಪ್ಪಂದು ಕೇಂದ್ರ ಸರ್ಕಾರದ ಪಿಂಚಣಿ, 80 ತುಂಬಿದ ಮೇಲೆ ಮೂಲ ಪಿಂಚಣಿಗೆ ಶೇಕಡ 20 ಜಾಸ್ತಿ ಸೇರುತ್ತೆ, ಬ್ಯಾಂಕಿನಲ್ಲಿ ಹುಟ್ಟಿದ ದಿನಾಂಕ ಸರಿಯಾಗಿದ್ಯಾ ನೋಡ್ಕೊಳ್ಳಿ. ಹಳೇ ಪದ್ಧತೀಲಿ ಟ್ಯಾಕ್ಸ್ ಕಟ್ಟೋರಿಗೆ 80ಡಿಡಿಬಿ ಅಂತ ಕೆಲವು ಕಾಯಿಲೆಗಳ ಚಿಕಿತ್ಸೆ ಖರ್ಚಿಗೆ ಒಂದು ರಿಯಾಯ್ತಿ ಇತ್ತು, ಪಾರ್ಕಿನ್ಸನ್ಸ್ ಆ ಪಟ್ಟೀಲಿತ್ತು, ನ್ಯೂರಾಲಜಿಸ್ಟ್ ಬರೆದ ಚೀಟಿ ಬೇಕಿತ್ತು, ಹಿರಿಯ ನಾಗರಿಕರಾದ್ರೆ ಒಂದು ಲಕ್ಷದ ತನಕ, ನಾನು ಅದನ್ನ ಬಳಸ್ಕೊಂಡೆ. ಪಿಂಚಣಿ ತಗೊಳ್ಳೋರು ಬದುಕಿದಾರೆ ಅಂತ ನವೆಂಬರಲ್ಲಿ ಕೊಡೋ ಲೈಫ್ ಸರ್ಟಿಫಿಕೇಟು ಈಗ ಫೋನಲ್ಲೇ ಮುಖ ತೋರಿಸಿ ಆಗುತ್ತೆ, ಅಪ್ಪಂಗೆ ಕಣ್ಣು ಮಿಟುಕಿಸೋದೇ ಕಮ್ಮಿ ಆಗಿದೆಯಲ್ಲ ಈ ಕಾಯಿಲೇಲಿ, ಆ್ಯಪು ಕಣ್ಣು ಮಿಟುಕಿಸಿ ಅಂತ ಹಟ ಹಿಡಿದು ಕೂತಿತ್ತು, ಹುಡುಗ ಏನೋ ಜೋಕ್ ಹೇಳಿ ಮಿಟುಕಿಸಿದ.

ಏಜೆನ್ಸಿ ಜೊತೆ ಒಂದು ದೊಡ್ಡ ಜಗಳ ಆಯ್ತು. ನಾವು ತಿಂಗಳ 1ನೇ ತಾರೀಕಿಗೆ ದುಡ್ಡು ಕಳಿಸ್ತಿದ್ವಿ, ಅಕ್ಕಯ್ಯಂಗೆ ಸೇರ್ತಿದ್ದಿದ್ದು 15 ಆದ್ಮೇಲೆ, ಅದೂ 24,000ದಲ್ಲಿ 16,000. ಅವರು ನಮಗೆ ಹೇಳಿರ್ಲಿಲ್ಲ, ಮಗಳ ಫೀಸಿಗೆ ಅಡ್ವಾನ್ಸ್ ಕೇಳಿದಾಗ ಬಾಯಿಬಿಟ್ರು. ಕಮಿಷನ್ ತಗೋಬಾರ್ದು ಅಂತಲ್ಲ, ಅವರಿಗೂ ಆಫೀಸು ಖರ್ಚಿದೆ, ಆದ್ರೆ ಮೂರನೇ ಒಂದು ಪಾಲು ತಿಂಗಳು ತಿಂಗಳಾ? ಕರಾರು ಮುಗಿಯೋ ತನಕ ಕಾದು, ದಂಡದ ಕಲಮು ಓದಿ, ಒಂದು ಮೊತ್ತಕ್ಕೆ ಮಾತಾಡಿ ಕಟ್ಟಿ ಕಳಚಿಕೊಂಡ್ವಿ. ಈಗ ನೇರವಾಗಿ ಅವರ ಅಕೌಂಟಿಗೆ, 24,000 ಪೂರ್ತಿ. ಇದರ ಇನ್ನೊಂದು ಮುಖಾನೂ ಹೇಳ್ಬೇಕು, ಈಗ ಅವರಿಗೆ ಜ್ವರ ಬಂದ್ರೆ ಬದಲಿ ಕೊಡೋ ಏಜೆನ್ಸಿ ಇಲ್ಲ, ನಾನೇ ಏಜೆನ್ಸಿ. ಯುಗಾದಿ, ಅವರೂರ ಹಬ್ಬ, ಹುಡುಗನಿಗೆ ನಂಜನಗೂಡು ದೊಡ್ಡ ಜಾತ್ರೆ, ಇವೆಲ್ಲ ಕ್ಯಾಲೆಂಡರಲ್ಲಿ ಮೊದಲೇ ಗುರುತು ಹಾಕಿ ಆಫೀಸಿಗೆ ವರ್ಕ್ ಫ್ರಂ ಹೋಂ ಹೇಳಿಟ್ಟು ನಾನು ಹೋಗ್ತೀನಿ. ಅಕ್ಕಯ್ಯನ ತಂಗಿಗೂ ಮನೆ ಪರಿಚಯ ಮಾಡಿಸಿಟ್ಟಿದೀವಿ, ತೀರಾ ತುರ್ತು ಅಂದ್ರೆ ಬರ್ತಾರೆ, ದಿನಕ್ಕೆ 1,000.

ಈಗ ಅಮ್ಮ ವಾಕರ್ ಬಿಟ್ಟು ಕೋಲು ಹಿಡಿದಿದಾರೆ. ಡಾಕ್ಟ್ರು ಮೂಳೆ ಗಟ್ಟಿಯಾಗೋಕೆ ಇಂಜೆಕ್ಷನ್ ಶುರು ಮಾಡಿದಾರೆ, ಸಂಜೆ ರಸ್ತೆ ಕೊನೇ ತನಕ ನಡೀತಾರೆ. ಅದಾಗ್ತಿದ್ದ ಹಾಗೇ ಶುರು, ಇನ್ಯಾಕೆ ಇವರೆಲ್ಲ, ದುಡ್ಡು ದಂಡ, ನಾನೇ ನೋಡ್ಕೊತೀನಿ ನಿಮ್ಮಪ್ಪನ್ನ ಅಂತ. ಈ ವಾದ ನಮ್ಮನೇಲಿ ಬಹಳ ದಿನ ನಡೀತು. ಹಗಲು ಹುಡುಗ ಇದಾನೆ, ಅಡುಗೆ ಅಮ್ಮಂದು, ಅಲ್ಲೀ ತನಕ ಒಪ್ಪೋಣ, ಆದ್ರೆ ರಾತ್ರಿ? ಅಪ್ಪ ರಾತ್ರಿ ಎದ್ದಾಗ ಅವರನ್ನ ಹಿಡಿಯೋಕೆ ಹೋಗೋರು ಅಮ್ಮಾನೇ, ಮಲಗಿರು ಅಂದ್ರೆ ಕೇಳ್ತಾರಾ, ಐವತ್ತು ವರ್ಷದ ಅಭ್ಯಾಸ. ನೋಟ್‌ಬುಕ್ ತೆಗೆದು ಮುಂದಿಟ್ಟೆ, ರಾತ್ರಿ ಕಾಲಂ ತೋರ್ಸಿದೆ, ಒಂದೊಂದು ರಾತ್ರಿ ನಾಲ್ಕು ಟಿಕ್ಕು. ಅಮ್ಮ ಕನ್ನಡಕ ಹಾಕ್ಕೊಂಡು ಪುಟ ತಿರುವಿ ನೋಡಿದ್ರು, ಅಕ್ಕಯ್ಯ ಸುಮ್ಮನೆ ಟಿಕ್ ಹಾಕಿರ್ತಾಳೆ ಅಂದ್ರು. ಅಪ್ಪ ಆ ಕಡೆಯಿಂದ ಸಣ್ಣ ದನಿಯಲ್ಲಿ "ಇಲ್ಲ, ಸರಿಯಾಗಿದೆ" ಅಂದ್ರು.

ಹಾಗಾಗಿ ಮುಂದಿನ ತಿಂಗಳಿಂದ ಏರ್ಪಾಡು ಬದಲು. ಹುಡುಗ ರಾತ್ರಿ 8ರಿಂದ ಬೆಳಗ್ಗೆ 8ರ ತನಕ ಇರ್ತಾನೆ, ರಾತ್ರಿ ಡ್ಯೂಟಿ ಅಂತ 2,000 ಜಾಸ್ತಿ ಕೇಳಿದ, ನ್ಯಾಯವಾಗೇ ಇತ್ತು, 19,000ಕ್ಕೆ ಒಪ್ಪಿದ್ವಿ, ಬೆಳಗಿನ ಸ್ನಾನ ಮುಗಿಸಿ 8ಕ್ಕೆ ಹೊರಡ್ತಾನೆ. ಅಕ್ಕಯ್ಯ ಹಗಲು ಮಾತ್ರ, ಅವರ ತಂಗಿ ಮನೆ ಶ್ರೀರಾಂಪುರದಲ್ಲೇ ಇರೋದ್ರಿಂದ ಅಲ್ಲಿಂದ ಓಡಾಡ್ತಾರೆ, 18,000, ಭಾನುವಾರ ರಜ, ಆ ದಿನ ಚಿಕ್ಕಮ್ಮ ಬರ್ತೀನಿ ಅಂದಿದಾರೆ. ಆಸ್ಪತ್ರೆ ಮಂಚ ಅಮ್ಮನ ರೂಮಿಂದ ಅಪ್ಪನ ರೂಮಿಗೆ ಶನಿವಾರ ಶಿಫ್ಟು, ಅಮ್ಮನ ಮಂಚ ಈ ಕಡೆ ರೂಮಿಗೆ, ಮಧ್ಯದ ಬಾಗಿಲು ರಾತ್ರಿ ಹಾಕೋದು ಅಂತ ತೀರ್ಮಾನ ಆಗಿದೆ, ಅದಕ್ಕೆ ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ, ಅರ್ಧ ತೆಗೆದಿಡೋಣ ಅಂತಿದಾರೆ.